ಬಿಸಿಯಾದ ಮೇಲೆ ನಿಂತುಹೋಗುವ ಹಳೆಯ ಯೆಜ್ಡಿ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಓಡಿಸುತ್ತಿದ್ದ 250 ಸಿಸಿಯ ಹಳೆಯ ಯೆಜ್ಡಿ ರೋಡ್‌ಕಿಂಗ್ ಬೈಕ್ ಈಗ ನನ್ನ ಬಳಿಯಿದೆ. ಬೆಳಿಗ್ಗೆ ಎರಡನೆಯ ಕಿಕ್ಕಿಗೇ ಚಾಲೂ ಆಗುವ ಈ ಗಾಡಿ, ಸುಮಾರು 10 ಕಿ.ಮೀ. ಓಡಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಮಿಸ್ ಹೊಡೆಯುತ್ತಾ ನಿಂತುಹೋಗುತ್ತದೆ. ಅರ್ಧ ಗಂಟೆ ತಣಿಯುವವರೆಗೆ ಎಷ್ಟು ಕಿಕ್ ಹೊಡೆದರೂ ಚಾಲೂ ಆಗುವುದಿಲ್ಲ.

ಪ್ಲಗ್ ಮತ್ತು ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಬಿಡಿಭಾಗ) ಹೊಸದು ಹಾಕಿ, ಕಾರ್ಬ್ಯುರೇಟರ್ ಬಿಚ್ಚಿ ಜೆಟ್ ತೊಳೆದು, ಕಿಡಿ ಹಾರುವ ಸಮಯವನ್ನು ನಿಯಂತ್ರಿಸುವ ಪಾಯಿಂಟ್ ಗ್ಯಾಪನ್ನು 0.4 ಮಿ.ಮೀ.ಗೆ ಹೊಂದಿಸಿದ್ದೇನೆ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿರಬಹುದೆಂದು ಮುಚ್ಚಳ ಸಡಿಲಿಸಿ ಓಡಿಸಿಯೂ ನೋಡಿದೆ, ಫಲವಾಗಲಿಲ್ಲ.

ಗಾಡಿ ನಿಂತ ಕೂಡಲೇ ಪ್ಲಗ್ ಬಿಚ್ಚಿ ನೋಡಿದರೆ, ನೀಲಿಯಾಗಿರಬೇಕಾದ ಕಿಡಿ ಹಳದಿಯಾಗಿ ಸಣ್ಣಗೆ ಬರುತ್ತಿರುವುದರಿಂದ ಪ್ಲಗ್ಗಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ನನಗೆ ಅನುಮಾನ. ಆದರೆ ಗೇರ್‌ಬಾಕ್ಸಿನ ಆಯಿಲ್ ಕಡಿಮೆಯಾಗುತ್ತಿದ್ದು, ಬಿಳಿ ಹೊಗೆಯೂ ಹೆಚ್ಚಿರುವುದರಿಂದ, ಆ ಆಯಿಲ್ ಎಂಜಿನ್ನಿನೊಳಗೆ ನುಗ್ಗದಂತೆ ತಡೆಯುವ ಕ್ರ್ಯಾಂಕ್ ಸೀಲ್ ಹೋಗಿದೆ, ಎಂಜಿನ್ ಇಳಿಸಲೇಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಸೀಲ್ ಸೋರಿದರೆ ಕಿಡಿ ಏಕೆ ಮಂಕಾಗಬೇಕು ಎಂಬುದೇ ನನಗೆ ಅರ್ಥವಾಗುತ್ತಿಲ್ಲ. ತಂದೆಯವರು ಒಮ್ಮೆಯೂ ಬಿಚ್ಚಿಸದ ಎಂಜಿನ್ ಅದು. ಕಾರಣ ತಿಳಿಯದೆ ಬಿಚ್ಚಿಸಲು ಮನಸ್ಸು ಒಪ್ಪುತ್ತಿಲ್ಲ.

ದೋಷ ಕಾಯಿಲಿನದೋ, ಸೀಲಿನದೋ ಅಥವಾ ಎರಡರದ್ದೋ ಎಂಬುದನ್ನು ಎಂಜಿನ್ ಇಳಿಸುವ ಮೊದಲೇ ಖಚಿತಪಡಿಸಿಕೊಳ್ಳಲು ಯಾವ ಪರೀಕ್ಷೆ ಮಾಡಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.