ಕಾಯಿಲೆ ಇಲ್ಲದವರಿಗೆ ನೆನಪಿನ ಮಾತ್ರೆ: ಕೆಲಸ ಮಾಡುತ್ತಾ ಅಂತ ನಾವೇ ಪರೀಕ್ಷೆ ಮಾಡಬಹುದಾ?

ತೋಟದ ರೈಟರ್, ಸಿದ್ದಾಪುರ

ಸಿದ್ದಾಪುರದ ಹತ್ತಿರ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದೇನೆ. ಬೆಳಿಗ್ಗೆ ಹಾಜರಿ, ಸಂಜೆ ಚೆಕ್‌ರೋಲು, ಅಂದರೆ ಆಳುಗಳ ಕೆಲಸದ ಲೆಕ್ಕದ ಪುಸ್ತಕ. ಕುಯ್ಲಿನ ಕಾಲದಲ್ಲಿ ಹಣ್ಣಿನ ತೂಕ ಬರೆಯುವುದರಲ್ಲೇ ಕತ್ತಲಾಗುತ್ತೆ. ಅದಾದ ಮೇಲೆ ಸರ್ಕಾರಿ ಕೆಲಸದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದು. ಭಾನುವಾರ ಕುಶಾಲನಗರದಲ್ಲಿ ಒಟ್ಟಿಗೆ ಓದುವ ನಮ್ಮ ಗುಂಪಿನಲ್ಲಿ ಒಬ್ಬ ಮೊಡಾಫಿನಿಲ್ ಮಾತ್ರೆ ತಂದಿದ್ದಾನೆ. ತಗೊಂಡರೆ ಓದಿದ್ದೆಲ್ಲ ತಲೆಯಲ್ಲಿ ನಿಲ್ಲುತ್ತೆ ಅಂತಾನೆ. ಇನ್ನೊಬ್ಬಳು ಬ್ರಾಹ್ಮಿ ಕ್ಯಾಪ್ಸೂಲೇ ಸಾಕು ಅಂತಾಳೆ. ನಮಗ್ಯಾರಿಗೂ ಕಾಯಿಲೆ ಇಲ್ಲ. ಸುಮ್ಮನೆ ವಾದ ಯಾಕೆ, ಪರೀಕ್ಷೆ ಮಾಡಿಯೇ ನೋಡೋಣ ಅಂತ ಹೊರಟಿದ್ದೇವೆ. ಈಗ ಒಂದು ಜ್ಞಾಪಕಶಕ್ತಿಯ ಟೆಸ್ಟು, ಒಂದು ತಿಂಗಳು ಮಾತ್ರೆ, ಆಮೇಲೆ ಮತ್ತೆ ಅದೇ ಟೆಸ್ಟು. ಅಂಕ ಏರಿದರೆ ಮಾತ್ರೆ ಕೆಲಸ ಮಾಡಿದೆ ಅಂತ ಅರ್ಥ ಅಲ್ವಾ? ತಿಳಿದವರು ದಯವಿಟ್ಟು ಹೇಳಿ.

ಮೆಡಿಕಲ್ ಶಾಪ್, ವಿರಾಜಪೇಟೆ

ರೈಟರೇ, ಮೊದಲು ಆ ಮೊಡಾಫಿನಿಲ್ ಪಕ್ಕಕ್ಕಿಡಿ. ಹಗಲಲ್ಲೇ ತಡೆಯಲಾಗದ ನಿದ್ದೆ ಬರುವ ನಾರ್ಕೊಲೆಪ್ಸಿ ಕಾಯಿಲೆಗೆ ಕೊಡುವ ಔಷಧಿ ಅದು. ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿದ್ದೂ ಅದಕ್ಕೇ. ಡಾಕ್ಟರ ಚೀಟಿ ಇಲ್ಲದೆ ನಾವು ಕೊಡುವಂತಿಲ್ಲ. ತಲೆನೋವು, ವಾಕರಿಕೆ, ಆತಂಕ, ನಿದ್ದೆಗೇಡು ಬರಬಹುದು. ಅಪರೂಪಕ್ಕೆ ಪ್ರಾಣಕ್ಕೇ ಕುತ್ತಾಗುವಂಥ ಗುಳ್ಳೆಗಳು ಮೈಮೇಲೆ ಏಳುವುದೂ ಇದೆ. ಗುಂಪಿನಲ್ಲಿ ಹೆಣ್ಣುಮಕ್ಕಳೂ ಇದ್ದಾರೆ ಅಂದ್ರಿ, ಅದಕ್ಕೆ ಹೇಳುತ್ತೇನೆ: ಗರ್ಭನಿರೋಧಕ ಮಾತ್ರೆಯ ಬಲವನ್ನೂ ಇದು ತಗ್ಗಿಸುತ್ತೆ.

ನಾಪೋಕ್ಲು ಅಕ್ಕ

ಮನಃಶಾಸ್ತ್ರ ಓದಿ ಕೆಲವು ವರ್ಷ ಬೆಂಗಳೂರಿನಲ್ಲಿ ಜ್ಞಾಪಕಶಕ್ತಿ ಮತ್ತು ಗಮನದ ಪರೀಕ್ಷೆ ನಡೆಸುವ ಕೆಲಸದಲ್ಲಿದ್ದೆ, ಈಗ ಊರಲ್ಲಿ ತೋಟ ನೋಡಿಕೊಳ್ಳುತ್ತಿದ್ದೇನೆ. ಮೆಡಿಕಲ್‌ನವರು ಹೇಳಿದ್ದು ಸರಿ. ಅದಕ್ಕಿಂತ ಹೆಚ್ಚು ಅದರ ಬಗ್ಗೆ ಹೇಳಬೇಕಾಗಿಲ್ಲ. ನಿಮ್ಮ ಪರೀಕ್ಷೆಯ ಕ್ರಮಕ್ಕೆ ಬರುತ್ತೇನೆ.

ಮಾತ್ರೆ ನುಂಗದೇ ಇದ್ದರೂ ನಿಮ್ಮ ಅಂಕ ಏರುತ್ತೆ, ರೈಟರಣ್ಣ. ನಾವು ಬಳಸುತ್ತಿದ್ದ ಒಂದು ಪರೀಕ್ಷೆಯಲ್ಲಿ 15 ಪದಗಳನ್ನು ಸೆಕೆಂಡಿಗೊಂದರಂತೆ ಓದಿ ಹೇಳುತ್ತೇವೆ, ಎದುರಿಗಿರುವವರು ನೆನಪಿದ್ದಷ್ಟನ್ನು ಹೇಳಬೇಕು. ಅದೇ ಪಟ್ಟಿ ಐದು ಸಲ. ಆಮೇಲೆ ಗಮನ ಬೇರೆಡೆ ಸೆಳೆಯಲು ಬೇರೊಂದು ಪಟ್ಟಿ, ಸುಮಾರು ಅರ್ಧ ಗಂಟೆ ಬಿಟ್ಟು ಮತ್ತೆ ಮೊದಲನೆಯದನ್ನು ಕೇಳುವುದು. ತಿಂಗಳು ಬಿಟ್ಟು ಅದೇ ಪದಗಳನ್ನು ಓದಿದರೆ ಜನ ಹಳೆಯ ಪರಿಚಯದ ಮೇಲೇ ಹೇಳಿಬಿಡುತ್ತಾರೆ. ಪಟ್ಟಿ ಬದಲಾಯಿಸಿದರೂ ಹೇಗೆ ಕೂತು ಕೇಳಬೇಕು, ಪದಗಳನ್ನು ಹೇಗೆ ಜೋಡಿಸಿಕೊಳ್ಳಬೇಕು ಅನ್ನುವುದು ಕೈಗೆ ಹತ್ತಿರುತ್ತೆ.

ತೋಟದ ಎಲ್ಲ ಬ್ಲಾಕಿಗೂ ಹೊಸ ಗೊಬ್ಬರ ಹಾಕಿದ ವರ್ಷವೇ ಕಾಫಿ ಹೂ ಅರಳಿಸುವ ಹೂಮಳೆಯೂ ಚೆನ್ನಾಗಿ ಬಿತ್ತು ಅಂತಿಟ್ಟುಕೊಳ್ಳಿ. ಫಸಲು ಏರಿದ್ದು ಯಾವುದರಿಂದ ಅಂತ ಚೆಕ್‌ರೋಲು ಬರೆಯುವ ನಿಮಗೇ ಗೊತ್ತಾಗಲ್ಲ. ಗೊಬ್ಬರ ಹಾಕದ ಒಂದು ಬ್ಲಾಕು ಪಕ್ಕದಲ್ಲಿರಬೇಕು. ಔಷಧಿಯಲ್ಲಿ ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಬೇಕಾಗುತ್ತೆ, ಯಾಕಂದ್ರೆ ಮನುಷ್ಯನಿಗೆ ನಿರೀಕ್ಷೆ ಅನ್ನುವುದಿದೆ. ಹೊರಗಿನಿಂದ ಒಂದೇ ಥರ ಕಾಣುವ, ಒಳಗೆ ಔಷಧಿ ಇಲ್ಲದ ಖಾಲಿ ಕ್ಯಾಪ್ಸೂಲು ಬೇಕು. ಯಾರಿಗೆ ಯಾವುದು ಅಂತ ಚೀಟಿ ಎತ್ತಿ ತೀರ್ಮಾನಿಸಬೇಕು. ಅದು ನುಂಗುವವರಿಗೂ ಗೊತ್ತಿರಬಾರದು, ಅಂಕ ಹಾಕುವವರಿಗೂ ಗೊತ್ತಿರಬಾರದು. ಈ ಎರಡನೆಯದನ್ನು ಜನ ಹಗುರವಾಗಿ ತಗೋತಾರೆ. ನನ್ನ ಪ್ರಕಾರ ಅಲ್ಲೇ ಹೆಚ್ಚು ಹಾಳಾಗುವುದು: ಪಟ್ಟಿ ಓದುವವರ ದನಿಯಲ್ಲೇ ಉತ್ತೇಜನ ಸೇರಿಬಿಡುತ್ತೆ.

ಬ್ರಾಹ್ಮಿಯ ಮಾತು. ಆಸ್ಟ್ರೇಲಿಯಾದಲ್ಲಿ ಆರೋಗ್ಯವಂತರ ಮೇಲೆ ಪರೀಕ್ಷೆ ಮಾಡಿ 2001ರಲ್ಲಿ ಪ್ರಕಟಿಸಿದ್ದಾರೆ. ದಿನಕ್ಕೆ 300 ಮಿಲಿಗ್ರಾಂ ಸಾರ. 5 ವಾರಕ್ಕೆ ನೋಡಿದಾಗ ಏನೂ ಇಲ್ಲ, 12 ವಾರಕ್ಕೆ ಕಲಿಯುವ ವೇಗದಲ್ಲಿ ಸ್ವಲ್ಪ ವ್ಯತ್ಯಾಸ. ಅಂದರೆ ನಿಮ್ಮ ಒಂದು ತಿಂಗಳು ಸಾಲದು. ಮತ್ತೆ, ಅದು ನಾವು ತಂಬುಳಿ ಮಾಡುವ ಒಂದೆಲಗ ಅಲ್ಲ. ಜೌಗಿನಲ್ಲಿ ಹಬ್ಬುವ, ಚಿಕ್ಕ ದಪ್ಪ ಎಲೆಯ ನೀರುಬ್ರಾಹ್ಮಿ.

ನೆನಪಿಗೆ ಒಳ್ಳೆಯದು ಅಂತ ಮಾರುವ ಗಿಂಕೊ ಮರದ ಎಲೆಯ ಮಾತ್ರೆಯನ್ನು 60 ದಾಟಿದ ಆರೋಗ್ಯವಂತರಿಗೆ 6 ವಾರ ಕೊಟ್ಟು ನೋಡಿದ ಅಮೆರಿಕದ ಪರೀಕ್ಷೆ 2002ರಲ್ಲಿ ಬಂತು. ಏನೂ ಪ್ರಯೋಜನ ಕಾಣಲಿಲ್ಲ. ಅದೇ ವರ್ಷ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ 18 ಪೈಲಟ್‌ಗಳಿಗೆ ಆಲ್‌ಝೈಮರ್ ಅನ್ನುವ ಮರೆವಿನ ಕಾಯಿಲೆಯ ಔಷಧಿ ಡೊನೆಪೆಜಿಲ್ ಅಥವಾ ಖಾಲಿ ಮಾತ್ರೆ 30 ದಿನ ಕೊಟ್ಟು ಸಿಮ್ಯುಲೇಟರಿನಲ್ಲಿ ಹಾರಿಸಿ ನೋಡಿದರು. ಔಷಧಿ ತಗೊಂಡವರು ಕಲಿತಿದ್ದನ್ನು ಚೆನ್ನಾಗಿ ಉಳಿಸಿಕೊಂಡರು. ಆದರೆ ಒಂದೊಂದು ಗುಂಪಿಗೆ ಒಂಬತ್ತೇ ಜನ! ಅಷ್ಟರ ಮೇಲೆ ನಾನಂತೂ ಯಾರಿಗೂ ಭರವಸೆ ಕೊಡಲ್ಲ.

ನಿಮ್ಮ ಗುಂಪು ಓದಲೇಬೇಕಾದದ್ದು 2023ರಲ್ಲಿ ಪ್ರಕಟವಾದ ಪರೀಕ್ಷೆ. 40 ಮಂದಿಗೆ ಬೇರೆ ಬೇರೆ ದಿನ ಮೊಡಾಫಿನಿಲ್, ಗಮನ ನಿಲ್ಲದ ಕಾಯಿಲೆಗೆ ಕೊಡುವ ಮೀಥೈಲ್‌ಫೆನಿಡೇಟ್ ಮತ್ತು ಡೆಕ್ಸ್ಟ್ರೊಆಂಫೆಟಮೈನ್, ಖಾಲಿ ಮಾತ್ರೆ ಕೊಟ್ಟು, ಇಷ್ಟೇ ತೂಕ ಹಿಡಿಸುವ ಚೀಲಕ್ಕೆ ಯಾವ್ಯಾವ ವಸ್ತು ಹಾಕಿದರೆ ಬೆಲೆ ಹೆಚ್ಚು ಅನ್ನುವ ಲೆಕ್ಕ ಬಿಡಿಸಲು ಹೇಳಿದರು. ಔಷಧಿ ತಗೊಂಡ ದಿನ ಜನ ಜಾಸ್ತಿ ಹೊತ್ತು ಒದ್ದಾಡಿದರು, ಆದರೆ ಅವರ ಆಯ್ಕೆಗಳ ಗುಣಮಟ್ಟ ಕುಸಿಯಿತು. ಎಚ್ಚರ ಇರುವುದು ಬೇರೆ, ತಲೆ ಓಡುವುದು ಬೇರೆ. ಓದಿದ್ದೆಲ್ಲ ತಲೆಯಲ್ಲಿ ನಿಲ್ಲುತ್ತೆ ಅಂತ ಹೇಳುವ ನಿಮ್ಮ ಸ್ನೇಹಿತನಿಗೆ ಇದನ್ನು ದಯವಿಟ್ಟು ತೋರಿಸಿ.

ತೋಟದ ರೈಟರ್, ಸಿದ್ದಾಪುರ

ಅಕ್ಕ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಮೊಡಾಫಿನಿಲ್ ಬಿಟ್ಟೆವು. ಆದರೆ ಪರೀಕ್ಷೆ ಮಾಡುವ ಆಸೆ ಎಲ್ಲರಿಗೂ ಇದೆ. ಕಾಫಿಯಲ್ಲೇ ಮಾಡಿದರೆ? ನಮ್ಮ ತೋಟದ್ದೇ ರೊಬಸ್ಟಾ ಪುಡಿ ಇದೆ.

ನಾಪೋಕ್ಲು ಅಕ್ಕ

ಮಾಡಬಹುದು, ಗರ್ಭಿಣಿಯರು, ಬಿಪಿ ಅಥವಾ ಹೃದಯದ ತೊಂದರೆ ಇರುವವರು ಬೇಡ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು ಕೆಫೀನ್ ಇರುತ್ತೆ, ಹಾಗಾಗಿ ಮನೆಯ ಪುಡಿ ಬೇಡ. ಒಂದೇ ಥರದ ಇನ್‌ಸ್ಟಂಟ್ ಪುಡಿಯಲ್ಲಿ ಕೆಫೀನ್ ಇರುವುದು, ತೆಗೆದದ್ದು ಎರಡನ್ನೂ ತರಿಸಿ. ಹಾಲು, ಸಕ್ಕರೆ ಸಮನಾಗಿರಲಿ. ಒಬ್ಬರೇ ಬೆರೆಸಲಿ, ಲೋಟದ ಮೇಲೆ ನಂಬರ್ ಮಾತ್ರ ಇರಲಿ, ಬೆರೆಸಿದವರು ಟೆಸ್ಟ್ ನಡೆಸುವುದು ಬೇಡ. ಪ್ರತಿಯೊಬ್ಬರೂ ಎರಡೂ ಕುಡಿಯಬೇಕು, ಬೇರೆ ಬೇರೆ ಭಾನುವಾರ. ಅರ್ಧ ಜನಕ್ಕೆ ಒಂದು ಮೊದಲು, ಉಳಿದವರಿಗೆ ಇನ್ನೊಂದು ಮೊದಲು.

ಕೊಡಗಿನಲ್ಲಿ ಒಂದು ತೊಡಕಿದೆ. ನಾವೆಲ್ಲ ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಕುಡಿಯುವವರು. ಟೆಸ್ಟಿಗೆ ಅಂತ ಅದನ್ನು ಬಿಟ್ಟು ಬಂದರೆ ತಲೆ ಭಾರ, ಮಂಕು. ಆಗ ಕೆಫೀನ್ ಸಿಕ್ಕವರು ಚುರುಕಾದರೆ ಅದು ಹೊಸ ಶಕ್ತಿಯೋ, ಬಿಟ್ಟಿದ್ದರ ಮಂಕು ಕಳೆದದ್ದೋ ಹೇಳಲಾಗದು. ದಿನವೂ ಕುಡಿಯುವವರನ್ನೂ ಕುಡಿಯದವರನ್ನೂ ಬೇರೆ ಬೇರೆ ಬರೆದಿಡಿ. ಯಾವ ಅಂಕ ಮುಖ್ಯ ಅಂತ ಶುರು ಮಾಡುವ ಮುಂಚೆಯೇ ಪುಸ್ತಕದಲ್ಲಿ ಬರೆದು ಸಹಿ ಹಾಕಿ. ನಿಜವಾದ ಔಷಧಿ ಪರೀಕ್ಷೆಗಳನ್ನೂ ನಮ್ಮ ದೇಶದಲ್ಲಿ 2009ರಿಂದ ಮುಂಚೆಯೇ ನೋಂದಾಯಿಸಲೇಬೇಕು, ಫಲಿತಾಂಶ ನೋಡಿ ಆಮೇಲೆ ಗುರಿ ಬದಲಾಯಿಸಬಾರದು ಅಂತ.

ಪಾಲಿಬೆಟ್ಟ ಟೀಚರ್

ಪದಗಳ ಪಟ್ಟಿ ನಾನು ಮಾಡಿಕೊಡುತ್ತೇನೆ. ಎರಡು ಪಟ್ಟಿ, ಎರಡರಲ್ಲೂ ಒಂದೇ ಅಳತೆಯ, ದಿನಬಳಕೆಯ ಕನ್ನಡ ಪದಗಳು. ತೋಟದ ಪದ ಒಂದೂ ಹಾಕಲ್ಲ, ಹಾಕಿದರೆ ರೈಟರಿಗೆ ಸುಲಭವಾಗಿಬಿಡುತ್ತೆ. ನಿಮ್ಮ ಗುಂಪಿನವರು ಯಾರೂ ನನಗೆ ಪರಿಚಯ ಇಲ್ಲ, ಹಾಗಾಗಿ ಲೋಟದ ನಂಬರಿನ ಚೀಟಿಯನ್ನೂ ಲಕೋಟೆಗೆ ಹಾಕಿ ನನ್ನ ಹತ್ತಿರ ಇಡಬಹುದು. ಯಾವ ಭಾನುವಾರ ಅಂತ ತಿಳಿಸಿ, ಕುಶಾಲನಗರಕ್ಕೆ ಬರುತ್ತೇನೆ.