ಬಸಣ್ಣನ ಮುನ್ನುಡಿಗೆ ಟೈಮರ್ ಯಾವುದು?

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಬಸಣ್ಣನಿಗೆ ಯಾವುದಕ್ಕೂ ಪುರುಸೊತ್ತಿಲ್ಲ. ತನ್ನ ಹಳ್ಳಿಯ ಚರಿತ್ರೆ ಬರೆಯುತ್ತೇನೆಂದು ಹೊರಟವನು ಇನ್ನೂ ಮುನ್ನುಡಿಯಲ್ಲೇ ಇದ್ದಾನೆ. "ಒಂದು ಟೈಮರ್ ತಗೋಬೇಕಪ, ಯಾವುದು ಚಲೋ?" ಎಂದು ಮಂಡಕ್ಕಿ ಅಂಗಡಿಯಲ್ಲಿ ಕೇಳಿಬಿಟ್ಟ. ದಾವಣಗೆರೆಯಲ್ಲಿ ಮಿರ್ಚಿ ಎಣ್ಣೆಯಿಂದ ಮೇಲೆ ಬರುವವರೆಗೆ ಸಲಹೆ ಪುಕ್ಕಟೆ.

"ಫೋನಿನಾಗೇ ಐತಲ್ಲೋ" ಎಂದ ರುದ್ರೇಶಿ. ಅವನದು ಬಟ್ಟೆ ಅಂಗಡಿ.

"ಫೋನು ಬ್ಯಾಡ. ಟೈಮರ್ ಇಡೋಣ ಅಂತ ನಿನ್ನೆ ಕೈಗೆ ತಗೊಂಡೆ. ಯಾರೋ ಗುಡ್ ಮಾರ್ನಿಂಗ್ ಕಳಿಸಿದ್ರು. ಅವರಿಗೊಂದು ನಮಸ್ಕಾರ ಹಾಕಿದೆ, ಯಾರದೋ ಮದುವಿ ಫೋಟೋ ನೋಡಿದೆ, ಅಡಿಕೆ ರೇಟು ನೋಡಿ ಕೆಳಗಿಟ್ಟೆ. ಟೈಮರ್ ಹಚ್ಚೋದೇ ಮರೆತೆ."

"ನಿಂದು ಅಡಿಕೆ ತೋಟ ಎಲ್ಲೈತಿ?"

"ಇಲ್ಲ. ಹಂಗಂತ ರೇಟು ಗೊತ್ತಿರಬಾರದೇನು?"

ಮಂಜಣ್ಣ ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು. ಹೈಸ್ಕೂಲಿನಲ್ಲಿ ಗಣಿತ ಹೇಳಿದವರು, ಬೋರ್ಡು ಇಲ್ಲದಿದ್ದರೆ ಮೇಜಿನ ಮೇಲೇ ಬೆರಳಲ್ಲಿ ಬರೆಯುತ್ತಾರೆ. "1980ರ ದಶಕದ ಕೊನೇಲಿ ಇಟಲಿಯಲ್ಲಿ ಫ್ರಾನ್ಸೆಸ್ಕೊ ಸಿರಿಲ್ಲೊ ಅಂತ ಒಬ್ಬ ವಿದ್ಯಾರ್ಥಿ ಇದ್ದ. ಓದೋಕೆ ಕೂತರೆ ಮನಸ್ಸು ನಿಲ್ಲದು. ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ತಂದು ತಿರುವಿಟ್ಟ. ಆಮೇಲೆ ಅದನ್ನೇ ಒಂದು ಪದ್ಧತಿ ಮಾಡಿದ, ಪೊಮೊಡೊರೊ ಅಂತ, ಅವರ ಭಾಷೇಲಿ ಟೊಮೆಟೊ. 25 ನಿಮಿಷ ಕೆಲಸ, 5 ನಿಮಿಷ ವಿರಾಮ. ಅಂಥವು ನಾಲ್ಕು ಮುಗಿದ್ರೆ ದೊಡ್ಡ ವಿರಾಮ. ನಮ್ಮವರ ಗಳಿಗೆ ಎಷ್ಟು? 24 ನಿಮಿಷ. ದಿನಕ್ಕೆ 60. ತಳದಲ್ಲಿ ಸಣ್ಣ ತೂತಿರೋ ಬಟ್ಟಲನ್ನ ನೀರಲ್ಲಿ ತೇಲಿಬಿಟ್ಟರೆ, ತುಂಬಿ ಮುಳುಗೋಕೆ ಒಂದು ಗಳಿಗೆ."

"ಅಂದ್ರೆ ಇಟಲಿಯವ ಒಂದು ನಿಮಿಷ ಬಡ್ಡಿ ಹಾಕ್ಯಾನೆ" ಎಂದ ಬಸಣ್ಣ.

ಮೇಷ್ಟ್ರು ನಗಲಿಲ್ಲ. ಲೀಲಾವತಿಯ ಕತೆಗೆ ಹೋದರು. ಮಗಳ ಮದುವೆಯ ಮುಹೂರ್ತಕ್ಕೆಂದು ಭಾಸ್ಕರಾಚಾರ್ಯರು ಗಳಿಗೆ ಬಟ್ಟಲು ಇಟ್ಟಿದ್ದರಂತೆ. ಆಕೆ ಬಗ್ಗಿ ನೋಡುವಾಗ ಒಡವೆಯ ಮುತ್ತೊಂದು ಬಿದ್ದು ತೂತು ಮುಚ್ಚಿತಂತೆ. ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿತು. ಈ ಕತೆ ಸಿಗುವುದು ಅವರ 'ಲೀಲಾವತಿ' ಎಂಬ ಗಣಿತ ಗ್ರಂಥಕ್ಕೆ 1587ರಲ್ಲಿ ಅಕ್ಬರನ ಆಸ್ಥಾನದ ಕವಿ ಫೈಜಿ ಮಾಡಿದ ಪರ್ಶಿಯನ್ ಅನುವಾದದಲ್ಲಿ. ಭಾಸ್ಕರಾಚಾರ್ಯರು ತೀರಿಕೊಂಡು ಎಷ್ಟೋ ತಲೆಮಾರು ಕಳೆದ ಮೇಲೆ!

"ಖರೇನೋ ಸುಳ್ಳೋ, ಒಂದು ಗೊತ್ತಾತು" ಎಂದ ರುದ್ರೇಶಿ. "ಸದ್ದು ಮಾಡದ ಟೈಮರ್ ನಂಬಬಾರದು. ಮರಳು ಗಡಿಯಾರನೂ ಹಂಗೇ. ಮರಳು ಮುಗಿದು ಸುಮ್ಮನೆ ಕೂತಿರ್ತತಿ, ಮಾಲಕನೂ ಸುಮ್ಮನೆ ಕೂತಿರ್ತಾನೆ."

ಇದನ್ನು ನಾನು ಒಪ್ಪಲಿಲ್ಲ. ಬರೆಯುವ ಕೈ ಓಡುತ್ತಿರುವಾಗ ಗಂಟೆ ಹೊಡೆದರೆ ಸಿಟ್ಟು ಬರುತ್ತದೆ. ಅಂಥವನಿಗೆ ಮರಳೇ ವಾಸಿ. ಹೊತ್ತು ಎಲ್ಲಿ ಹೋಯಿತೆಂದು ತಿಳಿಯದವನಿಗೆ ಸ್ಟಾಪ್‌ವಾಚು, ಸೊನ್ನೆಯಿಂದ ಮೇಲಕ್ಕೆ ಎಣಿಸಿ ನಿಜ ಹೇಳುತ್ತದೆ. ಮಕ್ಕಳಿಗೆ ಕೆಂಪು ಬಿಲ್ಲೆ ಕರಗುತ್ತಾ ಹೋಗುವಂಥದ್ದು ಸಿಗುತ್ತದೆ, ಅಂಕಿ ಓದಲು ಬರದಿದ್ದರೂ ಎಷ್ಟು ಉಳಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ಬಸಣ್ಣನ ರೋಗ ಇವು ಯಾವುವೂ ಅಲ್ಲ, ಶುರು ಮಾಡದಿರುವುದು. ಅದಕ್ಕೆ ಕೈಯಲ್ಲಿ ತಿರುವುವ ಸ್ಪ್ರಿಂಗಿನದೇ ಸರಿ. ತಿರುವಿದ ಮೇಲೆ ಟಿಕ್ ಟಿಕ್ ಅಂತ ಬೆನ್ನು ಹತ್ತುತ್ತದೆ, ಅದರಲ್ಲಿ ಅಡಿಕೆ ರೇಟೂ ಬರುವುದಿಲ್ಲ.

"ಅದೆಲ್ಲ ಯಾಕೆ, ನಮ್ಮನಿ ಕುಕ್ಕರ್ ಐತಲ್ಲ? ಮೂರು ಕೂಗಿದ್ರೆ ಮುಗೀತು."

"ಅದು ಟೈಮರ್ ಅಲ್ಲ ರುದ್ರೇಶಿ" ಎಂದರು ಮೇಷ್ಟ್ರು. "ಒಳಗಿನ ಒತ್ತಡ ಹೆಚ್ಚಾದಾಗ ಕೂಗ್ತತಿ. ಉರಿ ಜೋರಿದ್ರೆ ಬೇಗ, ಸಣ್ಣಗಿದ್ರೆ ನಿಧಾನ."

"ನಾನೂ ಅದೇ ಜಾತಿ. ಜಿಎಸ್‌ಟಿ ಕೊನೇ ದಿನ ಬರೋವರೆಗೂ ನನ್ನ ಸೀಟಿ ಏಳೋದಿಲ್ಲ."

ಮಾತು ಹತ್ತಿಗಿರಣಿಯ ಸೈರನ್ನಿಗೆ ಹೊರಳಿತು. ಅದು ಕೂಗಿದರೆ ಗಿರಣಿಯವರಷ್ಟೇ ಅಲ್ಲ, ಓಣಿಯ ಹೆಂಗಸರೂ ಒಲೆ ಹಚ್ಚುತ್ತಿದ್ದರು. ಯಾರೂ ಆರಿಸಿಕೊಳ್ಳದೆ ಊರಿಗೆಲ್ಲ ಒಂದೇ ಟೈಮರ್. ಈಗ ತಲೆಗೊಂದು ಇದೆ, ಬಸಣ್ಣನ ಮುನ್ನುಡಿ ಅಲ್ಲೇ ಇದೆ.

"ಆತಪ, ಸ್ಪ್ರಿಂಗಿಂದೇ ತರ್ತೀನಿ" ಎಂದ ಬಸಣ್ಣ. "ಆದ್ರೆ ಆ ಐದು ನಿಮಿಷದ ವಿರಾಮದಾಗೆ ಏನು ಮಾಡೋದು?"

"ಇಲ್ಲಿಗೆ ಬಾ" ಎಂದ ರುದ್ರೇಶಿ.

"ನಮ್ಮನಿಯಿಂದ ಇಲ್ಲಿಗೆ ಬರೋಕೇ ಇಪ್ಪತ್ತು ನಿಮಿಷ ಬೇಕಲ್ಲೋ!"

"ಹಂಗಾದ್ರೆ ದೊಡ್ಡ ವಿರಾಮ ಮೊದ್ಲೇ ತಗೊಂಡುಬಿಡು, ಆ ನಾಲ್ಕು ಆಮೇಲೆ ತೀರಿಸಿದ್ರಾತು. ಬ್ಯಾಂಕಿನಾಗೆ ಓವರ್‌ಡ್ರಾಫ್ಟ್ ಅಂತ ನೀನೇ ಕೊಡ್ತಿದ್ಯಲ್ಲ?"

ಬಸಣ್ಣ ಸ್ವಲ್ಪ ಲೆಕ್ಕ ಹಾಕಿದ. ಆಮೇಲೆ ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದ.