ಮೂರು ದೇಶದ ಕಂಪನಿಗೆ ಒಂದೇ ಲಾಗಿನ್: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ, ಬಳ್ಳಾರಿಯಿಂದ:
ನಮ್ಮ ಕಂಪನಿ ಭಾರತ, ಜರ್ಮನಿ, ಬ್ರೆಜಿಲ್‌ನಲ್ಲಿದೆ. ಪ್ರತಿಯೊಬ್ಬರೂ ತಮ್ಮದೇ ಒಂದು ಲಾಗಿನ್‌ನಿಂದ ಎಲ್ಲ ಆ್ಯಪ್‌ಗಳಿಗೂ ಹೋಗುವಂತೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಲ್ಲಿನ ಘಟಕದ ಕಂಟ್ರೋಲ್ ರೂಮಿನಲ್ಲಿ ಮೂರೂ ಶಿಫ್ಟಿನವರು ಒಂದೇ ಪಾಸ್‌ವರ್ಡ್ ಬಳಸುತ್ತಾರೆ, ಅದೂ ಮಾನಿಟರ್ ಕೆಳಗೆ ಚೀಟಿಯಲ್ಲಿ ಅಂಟಿಸಿದೆ. ಕೆಲಸ ಬಿಟ್ಟ ಗುತ್ತಿಗೆಯವರ ಖಾತೆಗಳೂ ಹಾಗೇ ಇವೆ. ಯಾವ ಸಾಫ್ಟ್‌ವೇರ್ ತಗೊಳ್ಳಲಿ?

ಉತ್ತರ, ರಾಯಚೂರಿನಿಂದ:
ಸಾಫ್ಟ್‌ವೇರ್ ಆಮೇಲೆ ಅಣ್ಣ, ಮೊದಲು ಎಚ್‌ಆರ್ ಪಟ್ಟಿ ಸರಿ ಮಾಡಿಸಿ. ಯಾರು ಸೇರಿದರು, ಯಾರು ಬಿಟ್ಟರು ಅನ್ನೋದು ಅಲ್ಲಿಂದಲೇ ಹರಿದು ಬರಬೇಕು, ಸ್ಕಿಮ್ (SCIM, ಬಳಕೆದಾರರ ಪಟ್ಟಿಯನ್ನು ಆ್ಯಪ್‌ಗಳಿಗೆ ತಲುಪಿಸುವ ವಿಧಾನ) ಪ್ರೋಟೋಕಾಲ್ ಇರೋ ಆ್ಯಪ್‌ಗಳಲ್ಲಿ ಖಾತೆ ತಾನಾಗಿ ತೆರೆದು ಮುಚ್ಚುತ್ತದೆ. ಗುತ್ತಿಗೆಯವರು ಆ ಪಟ್ಟಿಯಲ್ಲಿ ಇರೋದಿಲ್ಲ, ಅಲ್ವಾ? ಅವರ ಗೇಟ್ ಪಾಸ್ ಮುಗಿಯುವ ದಿನವೇ ಖಾತೆಯೂ ಮುಗಿಯುವಂತೆ ಕಟ್ಟಿಬಿಡಿ. ವಿಭಾಗ ಬದಲಾದವರನ್ನು ಮರೆಯಬೇಡಿ. ಸ್ಟೋರ್ಸ್‌ನಿಂದ ಖರೀದಿ ವಿಭಾಗಕ್ಕೆ ಹೋದವನ ಹತ್ತಿರ ಎರಡೂ ಕಡೆಯ ಅಧಿಕಾರ ಉಳಿದರೆ ತಾನೇ ಆರ್ಡರ್ ಹಾಕಿ ತಾನೇ ಮಾಲು ಬಂತೆಂದು ಬರೆಯಬಹುದು.

ಉತ್ತರ, ಕೊಪ್ಪಳದಿಂದ:
ಕಂಟ್ರೋಲ್ ರೂಮಿಗೆ ಮೊಬೈಲ್ ಒಯ್ಯಲು ಬಿಡದಿದ್ದರೆ ಒಟಿಪಿ ನಡೆಯಲ್ಲ. ಕಾರ್ಡ್ ಮತ್ತು ಪಿನ್, ಇಲ್ಲವೇ ಫಿಡೋ2 ಕೀ (ಲಾಗಿನ್‌ಗೆ ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ಭದ್ರತಾ ಸಾಧನ) ಕೊಡಿ. ಜರ್ಮನಿಯಲ್ಲಿ 2018ರಿಂದ ಜಿಡಿಪಿಆರ್ ಅನ್ನೋ ಯುರೋಪಿನ ವೈಯಕ್ತಿಕ ಮಾಹಿತಿ ರಕ್ಷಣೆ ಕಾನೂನು ಜಾರಿಯಲ್ಲಿದೆ, ಲಾಗಿನ್ ದಾಖಲೆ ಇಡುವ ಮೊದಲು ಅಲ್ಲಿನ ನೌಕರರ ಮಂಡಳಿ ಇದ್ದರೆ ಅದರ ಒಪ್ಪಿಗೆ ಬೇಕಾಗುತ್ತದೆ, ಇದಕ್ಕೆ ಟೈಮ್ ಜಾಸ್ತಿ ಹಿಡಿಯುತ್ತದೆ, ಈಗಲೇ ಶುರು ಮಾಡಿ. ಬ್ರೆಜಿಲ್‌ಗೆ ಎಲ್‌ಜಿಪಿಡಿ ಅನ್ನೋ ಅದೇ ಥರದ ಕಾನೂನು ಇದೆ.

ಬಳ್ಳಾರಿಯಿಂದ:
ತುಂಬಾ ಥ್ಯಾಂಕ್ಸ್. ನಾಳೆ ಬೆಳಿಗ್ಗೆ ಗೇಟ್ ಪಾಸ್ ರಿಜಿಸ್ಟರ್ ಹಿಡಿದು ಕೂರುತ್ತೇನೆ, ಆ ಚೀಟಿಯನ್ನೂ ಕಿತ್ತು ಪಾಸ್‌ವರ್ಡ್ ಬದಲಿಸುತ್ತೇನೆ.